ಒಬ್ಬಳೇ ಓದಿದವಳು

ಬೋರಗಾಂವದಿಂದ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಇದ್ದರೂ ಪೂನಮ ಅದನ್ನು ಬಿಟ್ಟು ಈಚೆ ಕೂತಳು. ಕಿಟಕಿಗೆ ಕೂತರೆ ದಾರಿಯ ಮಂದಿಗೆಲ್ಲ ಮುಖ ಕಾಣುತ್ತದೆ. ರವಿವಾರ ಬೆಳಿಗ್ಗೆ ಒಂಬತ್ತೂವರೆಗೆ ಲೈನ್‌ಮನ್ ರಾಜಾರಾಮನ ಮಗಳು ಊರು ಬಿಟ್ಟು ಎಲ್ಲಿಗೆ ಹೊರಟಳು ಎಂದು ಕೇಳುವವರು ಒಬ್ಬರೇ, ಇಬ್ಬರೇ? ಈ ಹೊತ್ತಿಗೆ ಅವಳಿರಬೇಕಾದದ್ದು ಬುದ್ಧ ವಿಹಾರದ ಹಿಂದಿನ ಕೋಣೆಯಲ್ಲಿ. ಆ ಓದುವ ಕೋಣೆಗೆ ಓಣಿಯವರು ಅಭ್ಯಾಸಿಕಾ ಎನ್ನುತ್ತಾರೆ. ಒಂದು ಉದ್ದ ಟೇಬಲ್ಲು, ಅದರ ಎರಡೂ ಕಡೆ ಬೆಂಚು, ಎರಡು ಟ್ಯೂಬ್‌ಲೈಟು, ಗೋಡೆಗೆ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ‘ಮಾತನಾಡಬಾರದು’ ಎಂದು ವಿಹಾರ ನೋಡಿಕೊಳ್ಳುವ ಬಾಪುಸಾಹೇಬ ಕಾಕಾ ತಾವೇ ಬಣ್ಣದಲ್ಲಿ ಬರೆದ ಬೋರ್ಡು. ಬೋರ್ಡು ಬರೆದ ಕಾಕಾನೇ ಅಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವರು. ವಂದನೆ ಮುಗಿದು, ಕೋಣೆಯ ಕೀಲಿ ತೆಗೆದು, ಬೆಂಚಿನ ಎಡತುದಿ ಖಾಲಿ ಇದ್ದುದನ್ನು ಕಂಡು, ಪೂನಮ ಯಾಕೆ ಬಂದಿಲ್ಲವೆಂದು ಈಗಾಗಲೇ ನಾಲ್ಕು ಮಂದಿಯನ್ನು ಕೇಳಿರುತ್ತಾರೆ. ಯಾರಾದರೂ ಕೇಳಿದರೆ ತಲೆನೋವು ಅಂತ ಹೇಳು ಎಂದು ಅವ್ವನಿಗೆ ಹೇಳಿ ಬಂದಿದ್ದಾಳೆ. ಆದರೆ ಸುಂದ್ರವ್ವನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಮೊದಲ ಪ್ರಶ್ನೆಗೆ ತಲೆನೋವು ಎಂದು, ಎರಡನೆಯದಕ್ಕೆ ಜ್ವರ ಎಂದು, ಮೂರನೆಯದಕ್ಕೆ ನಿಜವನ್ನೇ ಹೇಳಿಬಿಡುವ ಹೆಂಗಸು. ಮೂರನೇ ಪ್ರಶ್ನೆ ಯಾರೂ ಕೇಳದಿರಲಿ ಎಂದು ಪೂನಮ ಬಸ್ಸಿನ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದಳು.

ತೊಡೆಯ ಮೇಲಿನ ಬ್ಯಾಗಿನೊಳಗೆ ಜೀವಶಾಸ್ತ್ರದ ಪುಸ್ತಕ, ಅದರೊಳಗೆ ಮಡಚಿಟ್ಟ ಪ್ರವೇಶಪತ್ರದ ಹಾಳೆ. ನಿಪ್ಪಾಣಿಯ ಕೋಚಿಂಗ್ ಕ್ಲಾಸಿನವರು ನೀಟ್ ಪರೀಕ್ಷೆಯನ್ನು ಮತ್ತೆ ಬರೆಯುವವರಿಗಾಗಿ ಒಂದು ಬ್ಯಾಚು ಮಾಡುತ್ತಾರೆ, ಆ ಬ್ಯಾಚಿಗೆ ಸೇರಿಸಿಕೊಳ್ಳಲಿಕ್ಕೇ ಇವತ್ತು ಹನ್ನೊಂದಕ್ಕೆ ಇನ್ನೊಂದು ಪರೀಕ್ಷೆ. ಪರೀಕ್ಷೆಗೆ ತಯಾರಾಗಲೂ ಪರೀಕ್ಷೆ ಬರೆಯಬೇಕು. ಮೊನ್ನೆ ಅದರ ಫಾರ್ಮನ್ನು ಫೋನಿನಲ್ಲಿ ತುಂಬಿದವನು ಅಪ್ಪ. ಕಂಬ ಹತ್ತಿ ತಂತಿ ಎಳೆದು ದಪ್ಪಗಾದ ಬೆರಳು, ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದ್ದವು, ಆದರೂ ಅವಳ ಕೈಗೆ ಕೊಡಲಿಲ್ಲ. “ಕ್ಲಾಸ್ ಹಚ್ಚೂದು ತಪ್ಪೇನಲ್ಲ ಬಿಡವಾ” ಎಂದ. ಫಾರ್ಮು ಹೋಯಿತೆಂದು ಫೋನು ಹೇಳಿದ ಮೇಲೆ, ಅವಳ ಮುಖ ನೋಡದೆ, “ಆದರ ಸೀಟ್ ಸಿಗೂ ತನಕಾ ಬಾಪುಸಾಹೇಬಗ ಹೇಳೂದ ಬ್ಯಾಡ” ಎಂದ. ಆ ಎರಡನೇ ಮಾತು ಅವಳಿಗೆ ರಾತ್ರಿಯೆಲ್ಲ ಚುಚ್ಚಿತು. ತಪ್ಪಲ್ಲದ ಕೆಲಸವನ್ನು ಯಾರೂ ಮುಚ್ಚಿಡುವುದಿಲ್ಲ. ಅಪ್ಪನಿಗೆ ಎಲ್ಲ ಗೊತ್ತಿದೆಯೋ, ಅರ್ಧ ಗೊತ್ತಿದೆಯೋ, ಗೊತ್ತಿದ್ದೂ ಕೇಳದೆ ಉಳಿದಿದ್ದಾನೋ ಎಂಬುದು ಅವಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಹೋದ ವರ್ಷ ಜೂನ್ ತಿಂಗಳಲ್ಲಿ ಕಾಕಾ ವಿಹಾರದೊಳಗೆ ಅವಳಿಗೆ ಶಾಲು ಹೊದಿಸಿದ್ದರು. ಸೀಟು ಸಿಕ್ಕಿತ್ತೆಂದಲ್ಲ. ಪಿಯುಸಿಯಲ್ಲಿ ಕಾಲೇಜಿಗೆ ಮೊದಲು ಬಂದಿದ್ದಳು, ನೀಟ್‌ನಲ್ಲಿ ಪಾಸಾಗಿದ್ದಳು. ಸರಕಾರಿ ಮೆಡಿಕಲ್ ಕಾಲೇಜಿಗೆ ಬೇಕಾದಷ್ಟು ಅಂಕ ಬಂದಿರಲಿಲ್ಲ. ಆದರೆ ಓಣಿಯಲ್ಲಿ ಅಲ್ಲಿತನಕವೂ ಯಾರೂ ಹೋಗಿರಲಿಲ್ಲ, ಮುಂದಿನ ವರ್ಷ ಸೀಟು ಗ್ಯಾರಂಟಿ ಎಂದು ಎಲ್ಲರೂ ತಾವಾಗಿಯೇ ತೀರ್ಮಾನ ಮಾಡಿಬಿಟ್ಟಿದ್ದರು. ಸೆಕೆಗೆ ಶಾಲು ಕುತ್ತಿಗೆಗೆ ಅಂಟಿ ತುರಿಸುತ್ತಿತ್ತು. ಕಾಕಾ ಮೈಕು ಹಿಡಿದರೆ ಬೇಗ ಬಿಡುವವರಲ್ಲ. “ಕ್ಲಾಸ್ ಇಲ್ಲ, ಕೋಚಿಂಗ್ ಇಲ್ಲ, ಬರೇ ಪುಸ್ತಕ! ನಮ್ಮ ಪೂನಮ ಇದಽ ಅಭ್ಯಾಸಿಕಾದಾಗ ಒಬ್ಬಾಕೀನಽ ಕೂತು ಓದ್ಯಾಳ. ರೊಕ್ಕ ಇದ್ದವರು ಕೋಟಾಕ್ಕ ಹೋಗ್ಲಿ, ಲಾತೂರಕ್ಕ ಹೋಗ್ಲಿ. ನಮ್ಮ ಮಕ್ಕಳಿಗೆ ಈ ಬೆಂಚ ಸಾಕು” ಎಂದು ಟೇಬಲ್ಲು ಗುದ್ದಿದರು. ಚಪ್ಪಾಳೆ ಬಿತ್ತು. ಆಮೇಲೆ ಮೈಕು ಅವಳ ಬಾಯಿಯ ಮುಂದೆ ಬಂತು. ಆ ಗಳಿಗೆಯಲ್ಲಿ ಹೇಳಬಹುದಿತ್ತು. ಇಲ್ಲ ಕಾಕಾ, ಅದು ಹಾಗಲ್ಲ ಎಂದು ಹೇಳಿದ್ದರೆ ಎರಡು ನಿಮಿಷ ಮುಜುಗರವಾಗಿ ಮುಗಿಯುತ್ತಿತ್ತು. ಎದುರಿಗೆ ಅವ್ವ ಹೊಸ ಸೀರೆಯ ಸೆರಗನ್ನು ಬಾಯಿಗೆ ಹಿಡಿದು ಅಳುತ್ತಿದ್ದಳು. ಪೂನಮ “ಹೌದ್ರಿ, ಮನಸಿಟ್ಟ ಓದಿದ್ರ ಒಬ್ಬರಽ ಓದಬಹುದು” ಎಂದಳು. ಮತ್ತೆ ಚಪ್ಪಾಳೆ ಬಿತ್ತು.

ಒಬ್ಬಳೇ ಓದಿರಲಿಲ್ಲ. ಶಾಲು ಹೊದಿಸುವ ಮೊದಲು ಒಂದು, ಆಮೇಲೆ ಒಂದು, ಒಟ್ಟು ಎರಡು ವರ್ಷ, ಹಬ್ಬ ಬಿಟ್ಟರೆ ದಿನವೂ ತಪ್ಪದೆ, ಜಿನಮತಿಯ ಮನೆಯ ಮಾಳಿಗೆಯ ಮೇಲೆ, ತಗಡು ಹೊದಿಸಿದ ಕೋಣೆಯಲ್ಲಿ, ಗೋಡೆಗೆ ಹಾಕಿದ ದೊಡ್ಡ ಟಿವಿಯ ಮುಂದೆ ಕೂತು ಪಾಠ ಕೇಳಿದ್ದಳು. ಜಿನಮತಿ ಪಿಯುಸಿಯ ಗೆಳತಿ, ಜೈನರ ಪೈಕಿ ದೊಡ್ಡ ಮನೆಯವಳು. ಅವಳ ಅಪ್ಪ ಆನ್‌ಲೈನ್ ಕೋಚಿಂಗ್ ತೆಗೆದುಕೊಟ್ಟಿದ್ದ. ಒಬ್ಬಳೇ ಕೂತರೆ ನಿದ್ದೆ ಬರುತ್ತದೆಂದು ಜಿನಮತಿ ಪೂನಮಳನ್ನು ಕರೆದಳು. ಆ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿದು, ಒಲೆ ಆರಿ, ಪಾತ್ರೆಗಳು ಬೋರಲು ಬಿದ್ದಿರುತ್ತವೆ. ಊಟ ಮುಗಿಸಿ ಜಿನಮತಿ ಒಳಗಿನ ಮೆಟ್ಟಿಲು ಹತ್ತಿ ಬರುವುದಕ್ಕೂ, ಪೂನಮ ಹಿತ್ತಲಿಂದ ಹೊರಗಿನ ಮೆಟ್ಟಿಲು ಹತ್ತಿ ಬರುವುದಕ್ಕೂ, ಪಾಠ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಪರದೆಯ ಮೇಲೆ ದೂರದ ಯಾವುದೋ ಊರಿನ ಕನ್ನಡಕದ ಸರ್, ಅರ್ಧ ಹಿಂದಿ, ಅರ್ಧ ಇಂಗ್ಲಿಷು. ಪ್ರತಿ ವಿಷಯ ಮುಗಿದ ಮೇಲೆ ಹಣೆ ಒರೆಸಿಕೊಂಡು “ಠೀಕ್ ಹೈ, ಬಚ್ಚೋ?” ಎಂದು ಕೇಳುವವನು. ಪೂನಮ ಪರದೆಗೆ ತಲೆದೂಗುತ್ತಿದ್ದಳು. ಜಿನಮತಿ ನಗುತ್ತಿದ್ದಳು, ಆತಗ ನೀ ಕಾಣಸ್ತೀ ಅಂತ ಮಾಡೀಯೇನ ಎಂದು. ಪಾಠ ಮುಗಿದ ಮೇಲೆ ಅದನ್ನೇ ಪೂನಮ ಗೆಳತಿಗೆ ಇನ್ನೊಮ್ಮೆ ಬಿಡಿಸಿ ಹೇಳುತ್ತಿದ್ದಳು. ಜಿನಮತಿಯ ಅವ್ವ ಗೌರಾಬಾಯಿಗೆ ಅದರ ಬಗ್ಗೆ ಬಹಳ ಸಮಾಧಾನ. ಬಾವಿಕಟ್ಟೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ಹೇಳಿಕೊಂಡಳು. ಹೀಗೆ ಓಣಿಯಲ್ಲಿ ಎದ್ದ ಸುದ್ದಿಯೇ ಬೇರೆ. ಪೂನಮ ದೊಡ್ಡ ಮನೆಯ ಹುಡುಗಿಗೆ ಪಾಠ ಹೇಳಲು ಹೋಗುತ್ತಾಳೆ! ಕಾಕಾನ ಎದೆ ಉಬ್ಬಿತು. ಆ ಸುದ್ದಿಯನ್ನು ಪೂನಮ ಹಬ್ಬಿಸಲಿಲ್ಲ, ಹಬ್ಬಿದ್ದನ್ನು ತಿದ್ದಲೂ ಇಲ್ಲ.

ತಿದ್ದಬೇಕೆಂದರೆ ಮೆಟ್ಟಿಲಿನ ಮಾತು ಬರುತ್ತಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಅವಳು ಒಳಗಿನ ಮೆಟ್ಟಿಲಿನಿಂದ ಹತ್ತಿರಲಿಲ್ಲ. ಹತ್ತಬೇಡ ಎಂದು ಯಾರೂ ಹೇಳಿರಲಿಲ್ಲ. ಹತ್ತು ಎಂದೂ ಹೇಳಿರಲಿಲ್ಲ. ಗೌರಾಬಾಯಿ ಊಟದ ಮುಂಚೆ ಇಬ್ಬರಿಗೂ ಮಾಡಿದ ಚಹಾದಲ್ಲಿ ಪೂನಮಳ ಪಾಲನ್ನು ಥರ್ಮಾಸಿನಲ್ಲಿ ಮೇಲಿಟ್ಟಿರುತ್ತಿದ್ದಳು, ಪಕ್ಕದಲ್ಲಿ ಕಾಗದದ ಕಪ್ಪು. ಪಾತ್ರೆ ತೊಳೆದಿಟ್ಟ ಮೇಲೆ ಮತ್ತೆ ಮುಸುರೆ ಯಾಕೆಂದು ಕಾಗದದ ಕಪ್ಪೋ, ಇಲ್ಲ ಅದು ಬೇರೆಯೋ? ಹೆಂಗಸು ಒಳ್ಳೆಯವಳು, ಪರೀಕ್ಷೆಯ ದಿನ ಬೆನ್ನು ಸವರಿ ಕಳಿಸಿದ್ದಳು, ಆ ಕೈಯ ಬಿಸಿ ಈಗಲೂ ನೆನಪಿದೆ. ಆದರೂ ಪೂನಮ ಪ್ರತಿ ಸಂಜೆ ಕಪ್ಪನ್ನು ಮಡಚಿ, ತನ್ನ ಬ್ಯಾಗಿಗೆ ಹಾಕಿಕೊಂಡು, ದಾರಿಯಲ್ಲಿ ಎಸೆದು ಬರುತ್ತಿದ್ದಳು, ಬಿಟ್ಟುಬಂದರೆ ಅದನ್ನು ಯಾರು ಹೇಗೆ ಎತ್ತುತ್ತಾರೋ ಎಂದು ಯೋಚಿಸಬೇಕಾಗುತ್ತದಲ್ಲ ಎಂದು. ಬಾಪುಸಾಹೇಬ ಕಾಕಾನಿಗೆ ಇದನ್ನು ಹೇಗೆ ಹೇಳುವುದು? ತಮ್ಮ ವಿಹಾರದ ಹುಡುಗಿ ಹಿತ್ತಲ ಮೆಟ್ಟಿಲು ಹತ್ತಿ, ಕಾಗದದ ಕಪ್ಪಿನಲ್ಲಿ ಚಹಾ ಕುಡಿದು, ಇನ್ನೊಬ್ಬರ ಟಿವಿಯ ಮುಂದೆ ಕಲಿತಳು ಎಂದರೆ ಅವರು ಮೈಕನ್ನು ಕೆಳಗಿಟ್ಟು ಕೂತುಬಿಡುತ್ತಿದ್ದರು. ಅವರನ್ನು ಹಾಗೆ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಇದು ಎಷ್ಟು ನಿಜ, ಎಷ್ಟು ನೆಪ ಎಂದು ಅವಳು ತನ್ನನ್ನೇ ಕೇಳಿಕೊಂಡಿದ್ದಾಳೆ. ಶಾಲು ಬೇಕಿತ್ತು ಎಂಬುದೂ ನಿಜ.

ಬಸ್ಸು ನಿಂತು, ತಂಬಾಕಿನ ಚೀಲ ಹೊತ್ತ ಒಬ್ಬ ಮುದುಕ ಹತ್ತಿ, ಪಕ್ಕದ ಕಿಟಕಿಗೆ ಕೂತ. “ಸಾಲಿಗೇನವಾ? ಇವತ್ತ ರವಿವಾರ ಅಲ್ಲ?” ಎಂದ. ಹೌದು ಎಂದಳೋ ಇಲ್ಲ ಎಂದಳೋ ಅವಳಿಗೇ ತಿಳಿಯಲಿಲ್ಲ. ನೀಲಮಳೂ ಹೀಗೇ ಏನಾದರೂ ಕೇಳುತ್ತಲೇ ಬಂದು ಕೂಡುತ್ತಿದ್ದಳು. ನೀಲಮ ಕಾಳವ್ವನ ಮಗಳು, ದೂರದ ಸಂಬಂಧದಲ್ಲಿ ತಂಗಿ, ಮೂರು ಮನೆ ಆಚೆಯವಳು, ಒಂದು ವರ್ಷ ಸಣ್ಣವಳು. ಶಾಲು ಹೊದಿಸಿದ ದಿನ ಮುಂದಿನ ಸಾಲಿನಲ್ಲಿ ಕೂತು ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ಹೊಡೆದವಳು. ಮರುದಿನವೇ ಚಿಕ್ಕೋಡಿಯ ಕ್ಲಾಸಿಗೆ ಹಚ್ಚಿದ್ದ ಹೆಸರನ್ನು ತೆಗೆಸಿ, “ಅಕ್ಕ ಒಬ್ಬಾಕೀನಽ ಓದತಾಳ ಅಂದ್ರ ನನಗೇನ ಧಾಡಿ ಆಗೇತಿ?” ಎಂದು ಅಭ್ಯಾಸಿಕಾಕ್ಕೆ ಬಂದಳು. ಟೇಬಲ್ಲಿನ ಆಚೆ, ಸರಿಯಾಗಿ ಪೂನಮಳ ಎದುರು ಕೂತಳು. ಪೂನಮ ಐದಕ್ಕೆ ಎದ್ದರೆ ಅವಳೂ ಐದಕ್ಕೆ, ಪೂನಮ ಹಸಿರು ಪೆನ್ನಿನಲ್ಲಿ ಗೆರೆ ಎಳೆದರೆ ಅವಳಿಗೂ ಹಸಿರು ಪೆನ್ನು. “ಅಕ್ಕಾ, ಇವತ್ತ ಯಾವ ಪಾಠ?” ಎಂದು ಕೇಳಿ ಅದೇ ಪುಸ್ತಕದ ಅದೇ ಪುಟ ತೆಗೆಯುತ್ತಿದ್ದಳು. ಪೂನಮ ಹೇಳುತ್ತಿದ್ದ ಪಾಠ ಯಾವಾಗಲೂ ಹಿಂದಿನ ಸಂಜೆ ಮಾಳಿಗೆಯ ಮೇಲೆ ಕೇಳಿ ಬಂದದ್ದೇ ಆಗಿರುತ್ತಿತ್ತು. ಅವಳ ಕಣ್ಣು ಸಾಲುಗಳ ಮೇಲೆ ಸಲೀಸಾಗಿ ಹೋಗುತ್ತಿತ್ತು. ಹತ್ತು ನಿಮಿಷಕ್ಕೆ ಪುಟ ತಿರುಗಿಸಿದರೆ, ಎದುರಿಗೆ ನೀಲಮ ಮೊದಲನೇ ಪ್ಯಾರಾದ ಮೇಲೆ ಬೆರಳಿಟ್ಟುಕೊಂಡು, ತುಟಿ ಆಡಿಸುತ್ತ, ಒಮ್ಮೆ ಪುಸ್ತಕ ಒಮ್ಮೆ ಅಕ್ಕನ ಮುಖ ನೋಡುತ್ತಿದ್ದಳು. ಆ ನೋಟದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಪೂನಮ ಪುಟವನ್ನು ನಿಧಾನ ತಿರುಗಿಸಬಹುದಿತ್ತು. ಆದರೆ ತಿರುಗಿಸಿದಾಗ ಆಗುವ ಆ ಸಣ್ಣ ಸಪ್ಪಳ ಅವಳಿಗೆ ಹಿತವಾಗಿತ್ತು. ಈ ವಿಷಯವನ್ನು ಅವಳು ಯಾರಿಗೂ, ಜಿನಮತಿಗೂ ಹೇಳಿಲ್ಲ.

ಹಾಗೆ ವರ್ಷ ಕಳೆಯಿತು. ಕಾಳವ್ವ ಕಬ್ಬಿನ ಹೊಲದ ಕಳೆ ತೆಗೆದು ಬಂದು, ಕೈಕಾಲು ತೊಳೆಯುತ್ತಲೇ ಮಗಳನ್ನು ಬೈಯುವುದು ಮೂರು ಮನೆ ದಾಟಿ ಕೇಳುತ್ತಿತ್ತು. “ಅದಽ ಪುಸ್ತಕ, ಅದಽ ಟೇಬಲ್ಲ. ಮತ್ತ ಆಕೀಗ ಹತ್ತೂದು ನಿನಗ ಯಾಕ ಹತ್ತೂದಿಲ್ಲ? ತಲ್ಯಾಗ ಏನ ತುಂಬಕೊಂಡೀದಿ?” ಪೂನಮ ಒಳಗೆ ಪುಸ್ತಕ ಹಿಡಿದು ಕೂತು ಕೇಳಿಸಿಕೊಳ್ಳುತ್ತಿದ್ದಳು. ಎದ್ದು ಹೋಗಿ ಕಾಕೂ, ಬೈಬ್ಯಾಡ್ರಿ ಎನ್ನಬೇಕೆಂದು ಎಷ್ಟೋ ಸಲ ಚಪ್ಪಲಿ ಮೆಟ್ಟಿಕೊಂಡದ್ದೂ ಉಂಟು. ಈ ವರ್ಷದ ಫಲಿತಾಂಶದಲ್ಲಿ ಪೂನಮಳಿಗೆ ಸೀಟು ಮತ್ತೆ ತಪ್ಪಿತು, ಹೋದ ಸಲಕ್ಕಿಂತ ಕಡಿಮೆ ಅಂಕಗಳ ಅಂತರದಲ್ಲಿ. ನೀಲಮಳಿಗೆ ಅವಳ ಅರ್ಧದಷ್ಟೂ ಬರಲಿಲ್ಲ. ಫಲಿತಾಂಶ ನೋಡಿದ ಕಾಕಾ ಪೂನಮಳಿಗೆ “ಇನ್ನೊಂದ ವರ್ಷ, ಆತು” ಎಂದರು. ನೀಲಮಳಿಗೆ ಏನೂ ಅನ್ನಲಿಲ್ಲ, ತಲೆಯ ಮೇಲೆ ಕೈಯಿಟ್ಟರು. ಆ ಕೈಯೇ ಎಲ್ಲ ಹೇಳಿತು. ಅಂದಿನಿಂದ ನೀಲಮ ಅಭ್ಯಾಸಿಕಾಕ್ಕೆ ಬಂದಿಲ್ಲ. ನೀರು ತರಲು ಬಂದಾಗ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾಳೆ. ಆಕೆಗೆ ಇದು ಒಲಿಯುವುದಿಲ್ಲ, ಹೊಲಿಗೆ ಕ್ಲಾಸಿಗೆ ಹಚ್ಚುತ್ತೇನೆ ಎಂದು ಕಾಳವ್ವ ಓಣಿಗೆಲ್ಲ ಹೇಳಿದ್ದಾಳೆ.

ತಾನೂ ಎರಡು ಸಲ ನೀಟ್ ಬರೆದು ಬೇಸತ್ತ ಜಿನಮತಿ ಫಾರ್ಮಸಿ ಓದುತ್ತೇನೆಂದು ಸಾಂಗ್ಲಿಗೆ ಹೋದಳು. ಆನ್‌ಲೈನ್ ಕ್ಲಾಸಿನ ಅವಧಿ ಮುಗಿಯಿತು, ಮಾಳಿಗೆಯ ಕೋಣೆಗೆ ಬೀಗ ಬಿತ್ತು. ಪೂನಮಳಿಗೆ ಮೊದಲು ಅನಿಸಿದ್ದು ಒಂದು ಬಗೆಯ ಬಿಡುಗಡೆ. ಈ ವರ್ಷ ನಿಜವಾಗಿ ಒಬ್ಬಳೇ ಓದುತ್ತೇನೆ, ಒಬ್ಬಳೇ ಓದಿ ಸೀಟು ತೆಗೆದುಕೊಂಡರೆ ಹೋದ ವರ್ಷ ಮೈಕಿನಲ್ಲಿ ಹೇಳಿದ್ದೂ ತನ್ನಷ್ಟಕ್ಕೆ ನಿಜವಾಗುತ್ತದೆ, ಯಾರಿಗೂ ಏನೂ ಹೇಳಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿದಳು. ಹೊಸ ಪಾಠ ತೆಗೆದು ಕೂತಳು. ಒಂದು ಪ್ಯಾರಾ ಓದುತ್ತಾಳೆ, ನಿಲ್ಲುತ್ತಾಳೆ, ಕಾಯುತ್ತಾಳೆ. ಯಾರೂ ಠೀಕ್ ಹೈ ಎನ್ನುವುದಿಲ್ಲ. ಅರ್ಥವಾಯಿತೋ ಇಲ್ಲವೋ ಹೇಳುವವರಿಲ್ಲ. ಮತ್ತೆ ಮೊದಲಿನಿಂದ ಓದುತ್ತಾಳೆ. ಒಂದು ಪುಟಕ್ಕೆ ಮುಕ್ಕಾಲು ಗಂಟೆ. ಬೆರಳು ತಾನಾಗಿ ಸಾಲಿನ ಮೇಲೆ ಹೋಗಿ ಕೂತಿತ್ತು, ತುಟಿ ಆಡುತ್ತಿತ್ತು. ಹತ್ತನೇ ದಿನ ತಲೆಯೆತ್ತಿ ನೋಡಿದರೆ ಎದುರಿನ ಬೆಂಚು ಖಾಲಿ ಇತ್ತು, ಅವಳು ನೀಲಮಳ ಹಾಗೆಯೇ ಕೂತಿದ್ದಳು. ಅವತ್ತಿನ ಭಯ ಇನ್ನೂ ಇಳಿದಿಲ್ಲ. ಕ್ಲಾಸಿಗೆ ಹೋದರೆ ಓಣಿಯ ಮುಂದೆ ಸುಳ್ಳುಗಾತಿ, ಹೋಗದಿದ್ದರೆ ಮೂರನೇ ವರ್ಷವೂ ಹಾಳು. ತಾನು ಜಾಣೆಯೋ ಅಲ್ಲವೋ ಎಂಬುದೇ ಈಗ ಅವಳಿಗೆ ಗೊತ್ತಾಗದೆ ಹೋಗಿತ್ತು. ಮರುದಿನ ಸಂಜೆ ಅಪ್ಪನಿಗೆ ನಿಪ್ಪಾಣಿಯ ಕ್ಲಾಸಿನ ಹೆಸರು ಹೇಳಿದಳು.

ನಿಪ್ಪಾಣಿಯಲ್ಲಿ ಇಳಿದು, ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ಹೋದಳು. ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯ ಮೇಲಿನ ಮಹಡಿ. ಪಕ್ಕದ ಝೆರಾಕ್ಸ್ ಅಂಗಡಿಯ ಶಟರು ಇಳಿದಿತ್ತು. ಅಂಗಡಿಯಿಂದ ಮಹಡಿಯವರೆಗೆ ಇಳಿಬಿಟ್ಟ ಫ್ಲೆಕ್ಸಿನ ಮೇಲೆ ಸೀಟು ಸಿಕ್ಕವರ ಮುಖಗಳು ಸಾಲಾಗಿ ನಗುತ್ತಿದ್ದವು. ಮೆಟ್ಟಿಲಿನ ಬುಡದಲ್ಲಿ ಅಪ್ಪಂದಿರು, ಅವ್ವಂದಿರು, ನೀರಿನ ಬಾಟಲಿ ಹಿಡಿದ ಹುಡುಗ ಹುಡುಗಿಯರು. ಪೂನಮ ಗುಂಪಿನೊಳಗೆ ನುಗ್ಗಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನಿಂದ ಯಾರೋ ಅವಳ ದುಪಟ್ಟಾ ಹಿಡಿದರು.

“ಅಕ್ಕಾ!”

ನೀಲಮ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಮುಖದಲ್ಲಿ ರಕ್ತವೇ ಇಲ್ಲ. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳ ಹಾಗೆ ಆಚೀಚೆ ನೋಡಿ, ಪೂನಮಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅಕ್ಕಾ, ಯಾರಿಗೂ ಹೇಳಬ್ಯಾಡ. ಬಾಪು ಕಾಕಾಗ ಅಂತೂ ಮೊದಲಽ ಬ್ಯಾಡ. ಅವ್ವಗ ಹೊಲಿಗಿ ಕ್ಲಾಸ್ ನೋಡಿ ಬರ್ತೀನಿ ಅಂತ ಹೇಳಿ ಬಂದೀನಿ. ಇದೊಂದ ಸಲ ನೋಡ್ತೀನಿ ಅಕ್ಕಾ. ಇಲ್ಲೂ ಆಗಲಿಲ್ಲಂದ್ರ ಹೊಲಿಗೀನಽ.”

“ಅದಕ್ಕ ಯಾಕ ಹೆದರತೀ?”

“ಹೆದರಿಕಿ ಅಲ್ಲ, ನಾಚಿಕಿ. ನೀ ಎದರಿಗಿ ಕೂತ ತೋರಿಸಿಕೊಟ್ಟಿ. ಹಂಗಿದ್ರೂ ನನಗ ಓದಾಕ ಆಗಲಿಲ್ಲ. ನಿನ್ನಂಥಾ ತಲಿ ಇಲ್ಲ ನನಗ. ನನ್ನಂಥಾವರಿಗೆ ಕ್ಲಾಸಽ ಬೇಕು, ಯಾರರ ಬಾಯಾಗ ತುತ್ತ ಇಡಬೇಕು.” ಇಷ್ಟು ಹೇಳಿದ ಮೇಲೆ ಅವಳಿಗೆ ಹೊಳೆಯಿತು. “ಅಂದಂಗ ನೀ ಯಾಕ ಬಂದೀದಿ ಇಲ್ಲಿ?”

ಪೂನಮಳ ಬಾಯಿ ಅವಳನ್ನು ಕೇಳದೆಯೇ ಉತ್ತರ ಹೇಳಿತು. “ಝೆರಾಕ್ಸ ಮಾಡಸೂದ ಇತ್ತು.” ಇಬ್ಬರೂ ಒಟ್ಟಿಗೇ ಪಕ್ಕಕ್ಕೆ ನೋಡಿದರು. ಶಟರು ಇಳಿದಿತ್ತು, ಅದಕ್ಕೆ ಅಂಗೈಯಗಲದ ಬೀಗ ಹಾಕಿತ್ತು. ನೀಲಮ ಬೀಗವನ್ನು ನೋಡಿದಳು, ಪೂನಮಳನ್ನು ನೋಡಿದಳು, “ಅಯ್ಯ, ಇವತ್ತ ರವಿವಾರಲ್ಲ, ಬಂದಿದ್ದ ದಂಡಾತು ನೋಡ” ಎಂದು ನಿಜವಾಗಿಯೂ ಮರುಗಿದಳು. ಆ ಮರುಕಕ್ಕಿಂತ ಅವಳು ಉಗುಳಿದ್ದರೆ ಪೂನಮಳಿಗೆ ಹಗುರಾಗುತ್ತಿತ್ತು. “ಬಂದಿದ್ದ ಬಂದೀದಿ, ನಾ ಒಳಗ ಹೋಗೂತನಾ ನಿಂದರ್ತೀ ಅಕ್ಕಾ? ಕೈಕಾಲ ನಡಗಾಕತ್ತಾವು” ಎಂದಳು. ಪೂನಮ ತಲೆಯಾಡಿಸಿದಳು. ಹೀಗೆ ತನ್ನದೇ ಪರೀಕ್ಷೆಗೆ ಬಂದವಳು ಇನ್ನೊಬ್ಬಳಿಗೆ ಧೈರ್ಯ ಹೇಳಲು ಬಂದವಳಾಗಿ ಮೆಟ್ಟಿಲು ಹತ್ತಿದಳು. ಹತ್ತುವಾಗ ಬ್ಯಾಗಿನೊಳಗಿನ ಹಾಳೆಯದೇ ಚಿಂತೆ. ನೀಲಮ ಒಳಗೆ ಹೋದ ಮೇಲೆ ಗುಟ್ಟಾಗಿ ತೋರಿಸಿ ಹಿಂದಿನ ಬೆಂಚಿನಲ್ಲಿ ಕೂತರಾಯಿತು. ಒಳಗೆ ಅವಳು ತಿರುಗಿ ನೋಡಿದರೆ? ನೋಡಿದರೆ ಏನು ಹೇಳುವುದು? ಇಲ್ಲ, ಇವತ್ತು ಬರೆಯುವುದೇ ಬೇಡ, ಅಪ್ಪನಿಗೆ ಬಸ್ಸು ಕೆಟ್ಟಿತೆಂದು ಹೇಳಿದರಾಯಿತು. ಆಮೇಲೆ? ನಾಳೆ ಬೆಳಿಗ್ಗೆ ಅದೇ ಬೆಂಚು, ಅದೇ ಪುಟ, ಮುಕ್ಕಾಲು ಗಂಟೆ.

ಮೇಲೆ ಬಾಗಿಲಿಗೆ ಅಡ್ಡ ಟೇಬಲ್ಲು ಹಾಕಿಕೊಂಡು, ಎದೆಗೆ ದುರಗಪ್ಪ ಎಂಬ ಬಿಲ್ಲೆ ಚುಚ್ಚಿಕೊಂಡ ಗುಮಾಸ್ತ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ. ಮರಾಠಿ ಪದ್ಧತಿಯಂತೆ ಮೊದಲು ಅಡ್ಡಹೆಸರು, ಆಮೇಲೆ ಹೆಸರು, ಆಮೇಲೆ ಅಪ್ಪನ ಹೆಸರು. ಕಾಂಬಳೆಗಳದೇ ದೊಡ್ಡ ಸಾಲು. ಅಕ್ಷರಮಾಲೆಯ ಪ್ರಕಾರ ಕೂಗುತ್ತಿದ್ದಾನೆಂದು ತಿಳಿದಾಗ ಪೂನಮ ಲೆಕ್ಕ ಹಾಕಿದಳು. ನೀಲಮ ಆದ ಮೇಲೆ ಪೂನಮ, ನಡುವೆ ತಪ್ಪಿಸಿಕೊಳ್ಳಲು ಎಷ್ಟು ಹೆಸರಿವೆಯೋ ಏನೋ. ನೀಲಮಳ ಹೆಸರು ಬಂತು. ಅವಳು “ಹಾಜರ್ ರೀ” ಎಂದು ಚೀಟಿ ಕೊಟ್ಟಳು. ದುರಗಪ್ಪ ಚೀಟಿ ತಿರುಗಿಸಿ ನೋಡಿ, “ಫೋಟೊ ಹಚ್ಚಿಲ್ಲಲ್ರಿ? ಅಲ್ಲಿ ಡಿಂಕ ಐತಿ, ಹಚ್ಚಿ ತರ್ರಿ” ಎಂದು ಪಕ್ಕದ ಸ್ಟೂಲು ತೋರಿಸಿದ. ನೀಲಮ ಚೀಲದಲ್ಲಿ ಕೈಯಾಡಿಸಿ ಫೋಟೊ ತೆಗೆದು, ಬೆರಳಿಗೆ ಅಂಟು ಹಚ್ಚಿಕೊಂಡು ಬಗ್ಗಿದಳು.

“ಕಾಂಬಳೆ ಪೂನಮ ರಾಜಾರಾಮ.”

ನಡುವೆ ಒಂದು ಹೆಸರೂ ಇರಲಿಲ್ಲ. ಪೂನಮ ಗೋಡೆಗೆ ಒತ್ತಿ ನಿಂತಳು. ಗೋಡೆಯ ಮೇಲೆ ಗಡಿಯಾರವಿತ್ತು, ಹನ್ನೊಂದಕ್ಕೆ ಹತ್ತು ನಿಮಿಷ.

“ಕಾಂಬಳೆ ಪೂನಮ ರಾಜಾರಾಮ! ಅದಾರೇನ್ರಿ? ಮೂರ ಸಲ ಕರದ ಹೆಸರ ಹೊಡೀತೀನಿ.”

ಸ್ಟೂಲಿನ ಮೇಲೆ ಬಗ್ಗಿದ್ದ ನೀಲಮ ತಲೆಯೆತ್ತಿದಳು. ಪೂನಮಳ ಕಡೆ ನೋಡಿ ನಕ್ಕಳು, ಬಹಳ ತಮಾಷೆಯಾಗಿದೆ ಎನ್ನುವಂತೆ. ಆಮೇಲೆ ಗುಮಾಸ್ತನಿಗೆ, ಅಕ್ಕನಿಗೆ ಸುಮ್ಮನೆ ತೊಂದರೆಯಾಗಬಾರದು ಎಂಬ ಕಾಳಜಿಯಿಂದ, “ಅಕಿ ಬ್ಯಾರೆ ಪೂನಮ ಇರಬೇಕ್ರಿ ಸರ. ನಮ್ಮ ಕಡೆ ಕಾಂಬಳೆ ಭಾಳ, ರಾಜಾರಾಮನೂ ಭಾಳ. ಇಕಿ ನಮ್ಮ ಅಕ್ಕ. ಇಕೀಗ ಕ್ಲಾಸಽ ಬೇಕಾಗಿಲ್ಲರಿ, ಒಬ್ಬಾಕೀನಽ ಓದತಾಳ” ಎಂದಳು. ಸಾಲಿನಲ್ಲಿದ್ದವರು ಇಂಥವಳೂ ಉಂಟೇ ಎಂದು ತಿರುಗಿ ನೋಡಿದರು. ಪೂನಮಳ ಕುತ್ತಿಗೆ ತುರಿಸಿತು, ಶಾಲು ಅಂಟಿದ್ದ ಜಾಗದಲ್ಲೇ. ಇನ್ನು ಒಂದು ಸಲ ಕೂಗುತ್ತಾನೆ, ಹೆಸರು ಹೊಡೆಯುತ್ತಾನೆ, ಅಷ್ಟೇ. ಸುಮ್ಮನೆ ನಿಂತರೆ ಸಾಕು. ನೀಲಮ ಒಳಗೆ ಹೋಗುತ್ತಾಳೆ, ಕ್ಲಾಸು ಸೇರುತ್ತಾಳೆ, ಅಥವಾ ಸೇರದೆ ಹೊಲಿಗೆ ಕಲಿಯುತ್ತಾಳೆ. ಅಕ್ಕನಂಥ ತಲೆ ತನಗಿಲ್ಲ ಎಂದುಕೊಂಡೇ ಬದುಕುತ್ತಾಳೆ, ಯಾರ ಮೇಲೂ ಸಿಟ್ಟಿಲ್ಲದೆ.

“ಕಾಂಬಳೆ ಪೂನಮ ರಾಜಾರಾಮ, ಮೂರನೇ ಸಲ.”

“ನಾನಽ ರೀ” ಎಂದಳು ಪೂನಮ.

“ಆಗಿನಿಂದ ಇಲ್ಲೇ ನಿಂತೀರಿ, ಬಾಯಾಗ ಏನ ಇಟಗೊಂಡಿದ್ರಿ?” ಎಂದು ದುರಗಪ್ಪ ಕೈ ಚಾಚಿದ. ಪೂನಮ ಬ್ಯಾಗಿನ ಚೈನು ಎಳೆದಳು. ಪುಸ್ತಕದೊಳಗಿಂದ ಹಾಳೆ ತೆಗೆಯುವಾಗ ಪುಸ್ತಕ ಕೆಳಗೆ ಬಿತ್ತು. ನೀಲಮ ಬಗ್ಗಿ ಎತ್ತಿಕೊಟ್ಟಳು. ರಟ್ಟಿನ ಮೇಲೆ ಅವಳ ಬೆರಳಿನ ಅಂಟು ಹತ್ತಿತು.

“ಝೆರಾಕ್ಸ ಅಂದಿ?”

“ಸುಳ್ಳ ಹೇಳಿದೆ.” ಸಾಲಿನವರು ಕೇಳುತ್ತಿದ್ದರು, ಕೇಳಲಿ. ಈಗ ನಿಲ್ಲಿಸಿದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು. “ಹೋದ ವರ್ಷ ಹೇಳಿದ್ದೂ ಸುಳ್ಳ. ನಾ ಒಬ್ಬಾಕಿ ಓದಲಿಲ್ಲ ನೀಲಾ. ಜಿನಮತಿಗೆ ಪಾಠ ಹೇಳಾಕ ಅಲ್ಲ ನಾ ಹೋಗತಿದ್ದಿದ್ದು. ಅವರ ಮಾಳಗಿ ಮ್ಯಾಲ ಟಿವ್ಯಾಗ ಕ್ಲಾಸ್ ಬರತಿತ್ತು. ಅದನ್ನ ಕೇಳಾಕ ಹೋಗತಿದ್ದೆ.”

“ಎಷ್ಟ ದಿನ?”

“ಎರಡ ವರ್ಷ.”

“ದಿನಾ?”

“ದಿನಾ.”

ನೀಲಮ ಅಂಟಿನ ಬೆರಳನ್ನು ಹೆಬ್ಬೆರಳಿಗೆ ಒತ್ತುತ್ತ, ಬಿಡಿಸುತ್ತ ನಿಂತಳು. ಅವಳು ಏನನ್ನೋ ನಿಧಾನವಾಗಿ, ತನ್ನ ಎಂದಿನ ನಿಧಾನದಲ್ಲಿ, ಒಂದೊಂದೇ ಸಾಲು ಓದಿದಂತೆ ಓದುತ್ತಿದ್ದಳು. “ಮತ್ತ ಮುಂಜಾನೆ ನಾವಿಬ್ಬರೂ ಕೂಡಿ ತಗೀತಿದ್ದ ಪಾಠ?”

“ಹಿಂದಿನ ದಿನ ಸಂಜೀಕ ನಾ ಕೇಳಿ ಬಂದಿದ್ದ ಇರತಿತ್ತು.”

“ಎಲ್ಲಾ?”

“ಎಲ್ಲಾ.”

“ನಿಮ್ಮ ಮನೀ ಮಾತ ಮನ್ಯಾಗ ಆಡ್ರಿ, ಒಳಗ ನಡೀರಿ” ಎಂದ ದುರಗಪ್ಪ. ಪೂನಮ ಕಾಯುತ್ತಿದ್ದಳು. ಕಪಾಳಕ್ಕೆ ಬೀಳುತ್ತದೆ, ಇಲ್ಲವೇ ಕಾಳವ್ವನ ಬಾಯಿಂದ ಬರುವಂಥ ಬೈಗುಳ ಬರುತ್ತದೆ, ಊರಿಗೆ ಹೋಗಿ ವಿಹಾರದ ಮುಂದೆ ನಿಂತು ಎಲ್ಲರಿಗೂ ಹೇಳುತ್ತಾಳೆ. ಏನು ಬಂದರೂ ಬರಲಿ, ಬೇಗ ಬರಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು. ನೀಲಮ ತಲೆಯೆತ್ತಿದಾಗ ಕಣ್ಣು ತುಂಬಿದ್ದವು, ಆದರೆ ಅದು ಸಿಟ್ಟಲ್ಲ. ಪಾಠದಲ್ಲಿ ತಿಳಿಯದ ಜಾಗಕ್ಕೆ ಬೆರಳಿಟ್ಟು ಕೇಳುವ ಅದೇ ದನಿಯಲ್ಲಿ, ಉತ್ತರ ತಪ್ಪಾದರೆ ಎಂಬ ಅದೇ ಹೆದರಿಕೆಯಲ್ಲಿ, ಕೇಳಿದಳು.

“ಹಂಗಾರ ನಾ ದಡ್ಡಿ ಅಲ್ಲಲ್ಲ ಅಕ್ಕಾ?”

ಪೂನಮ ಅಲ್ಲ ಎಂದು ತಲೆಯಾಡಿಸಿದಳು, ಎರಡು ಸಲ, ಮೂರು ಸಲ. ನೀಲಮ ಅಂಗೈಯಿಂದ ಮೂಗು ಒರೆಸಿಕೊಂಡು, ಸೊಟ್ಟಗೆ ಅಂಟಿದ್ದ ಫೋಟೊವನ್ನು ಒತ್ತಿ, ಚೀಟಿ ಕೊಟ್ಟು, ಬಾಗಿಲು ದಾಟಿದಳು. ದಾಟಿದವಳು ನಿಂತು ತಿರುಗಿದಳು.

“ಅವ್ವಗ ಇದನ್ನ ನೀನಽ ಹೇಳಬೇಕು” ಎಂದಳು. “ನಾ ಹೇಳಿದ್ರ ಆಕಿ ನಂಬೂದಿಲ್ಲ.”